ಸುಂಕದವನ ಮುಂದೆ ಮೂರು ಊರು

ನಮ್ಮ ವಿಮರ್ಶೆಯ ಪುಟಗಳಿಗೆ ಕವನ ಸಂಕಲನ ಬರುತ್ತದೆ, ಕತೆ ಕಾದಂಬರಿ ಬರುತ್ತವೆ. ಈ ಸಲ ಒಂದು ಒಪ್ಪಂದ ಪತ್ರ ಬಂದಿದೆ. ಸಾಹಿತ್ಯವೆಂದರೆ ಅಕಾಡೆಮಿಯವರು ಬಹುಮಾನ ಕೊಟ್ಟದ್ದು ಮಾತ್ರ ಎಂದು ತಿಳಿದವರು ಪುಟ ತಿರುವಿ ಮುಂದೆ ಹೋಗಬಹುದು, ನಮ್ಮ ತಕರಾರಿಲ್ಲ. ಆದರೆ ಭಟ್ಕಳ, ಹೊನ್ನಾವರ, ಕುಮಟಾದ ಜನರ ದಿನನಿತ್ಯದ ಬದುಕನ್ನು ಈ ಹತ್ತು ಹನ್ನೆರಡು ವರ್ಷಗಳಲ್ಲಿ ಯಾವ ಕವಿಯೂ ಮುಟ್ಟದಷ್ಟು ಆಳವಾಗಿ ಮುಟ್ಟಿದ ಬರವಣಿಗೆ ಇದು. ಇದಕ್ಕೊಂದು ಭಾಷೆಯಿದೆ, ಶೈಲಿಯಿದೆ, ನಾಯಕನಿದ್ದಾನೆ. ಯಾರನ್ನು ಪಾತ್ರವಾಗಿ ಒಳಗೆ ಬಿಡಬೇಕು, ಯಾರನ್ನು ಹೊಸಿಲಾಚೆ ನಿಲ್ಲಿಸಬೇಕು ಎಂಬ ಎಚ್ಚರವಂತೂ ನಮ್ಮ ಅತಿ ದೊಡ್ಡ ಕಾದಂಬರಿಕಾರರಲ್ಲೂ ಇಷ್ಟಿಲ್ಲ.

ಮೊದಲು ವಿಷಯ ತಿಳಿಸುತ್ತೇವೆ. ಪನ್ವೇಲಿನಿಂದ ಕನ್ಯಾಕುಮಾರಿಗೆ ಹೋಗುವ ಹೆದ್ದಾರಿ ನಮ್ಮ ಭಾಗದಲ್ಲಿ ಮೊದಲು 17ನೇ ನಂಬರಿನದಾಗಿತ್ತು, ಈಗ 66. ಗೋವಾ ಗಡಿಯಿಂದ ಕುಂದಾಪುರದವರೆಗಿನ ಸುಮಾರು 190 ಕಿಲೋಮೀಟರನ್ನು ಚತುಷ್ಪಥ ಮಾಡುವ ಕೆಲಸವನ್ನು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ 2013ರಲ್ಲಿ ಸರಕಾರಿ-ಖಾಸಗಿ ಸಹಭಾಗಿತ್ವದ ಹೆಸರಿನಲ್ಲಿ ಐಆರ್‌ಬಿ ಕಂಪೆನಿಗೆ ವಹಿಸಿತು. ಅಂದಾಜು 2,600 ಕೋಟಿ ರೂಪಾಯಿ ಚಿಲ್ಲರೆ ಖರ್ಚು. 28 ವರ್ಷದ ಗುತ್ತಿಗೆ. ಕೆಲಸ 2014ರಲ್ಲಿ ಸುರುವಾಯಿತು. 2020ರಲ್ಲಿ, ರಸ್ತೆ ಪೂರ್ತಿ ಮುಗಿಯುವ ಮೊದಲೇ, ಸುಂಕದ ಗೇಟುಗಳು ತೆರೆದವು: ಅಂಕೋಲಾದ ಹಟ್ಟಿಕೇರಿ, ಕುಮಟಾದ ಹೊಳೆಗದ್ದೆ, ಬೈಂದೂರಿನ ಶಿರೂರು. ಊಟ ಬಡಿಸುವ ಮೊದಲೇ ಬಿಲ್ಲು ಕೊಡುವ ಹೋಟೆಲನ್ನು ನಾವು ಬೇರೆಲ್ಲೂ ಕಂಡಿಲ್ಲ.

'ಸಹಭಾಗಿತ್ವ' ಎಂಬ ಮಾತು ಕೇಳಲಿಕ್ಕೆ ಚೆಂದ. ಇಬ್ಬರು ಕೂಡಿ ಬೇಸಾಯ ಮಾಡಿದ ಹಾಗೆ. ನೆಲ ಯಾರದು? ಸರಕಾರ ಜನರಿಂದ ಕಿತ್ತುಕೊಂಡು ಕೊಟ್ಟದ್ದು. ದುಡ್ಡು? ಬ್ಯಾಂಕಿನ ಸಾಲ, ಅಂದರೆ ಬಹುಪಾಲು ಜನರ ಠೇವಣಿ. ಲಾಭ ಸಾಲದಿದ್ದರೆ? ಆ ತಗ್ಗು ತುಂಬಲಿಕ್ಕೆ ಸರಕಾರವೇ ಅನುದಾನ ಕೊಡುತ್ತದೆ, ಅದಕ್ಕೆ 'ವಯಬಿಲಿಟಿ ಗ್ಯಾಪ್' ಎಂಬ ಹೆಸರು. ಈ ರಸ್ತೆಗೆ ಹಾಗೆ ಗೊತ್ತಾದದ್ದು 500 ಕೋಟಿಗೂ ಮೇಲೆ. ಇಷ್ಟಾದ ಮೇಲೆ ಸುಂಕ ಎತ್ತುವ ಹಕ್ಕು ಮಾತ್ರ ಕಂಪೆನಿಯದು. ಗೇಣಿ ಪದ್ಧತಿಯನ್ನು 1974ರಲ್ಲಿ ಕಾನೂನು ಮಾಡಿ ತೆಗೆದೆವು ಅಂತ ನಮ್ಮ ಜಿಲ್ಲೆಯ ಹಳೇ ಒಕ್ಕಲುಗಳು ಇನ್ನೂ ನೆನೆಸಿಕೊಳ್ತಾರೆ. ಈ ಹೊಸ ಗೇಣಿಯಲ್ಲಿ ಒಡೆಯನೇ ಒಕ್ಕಲಿನ ಬೀಜ, ಗೊಬ್ಬರ, ಎತ್ತು ತಿಂದು ಫಸಲನ್ನೂ ಒಯ್ಯುತ್ತಾನೆ.

ಇನ್ನು ಪಠ್ಯಕ್ಕೆ ಬರೋಣ. ಹೆದ್ದಾರಿಗಳಿಗೆಲ್ಲ ಒಂದು ಮಾದರಿ ಒಪ್ಪಂದವಿದೆ. ಅದರ ವ್ಯಾಖ್ಯೆಗಳ ಭಾಗದಲ್ಲಿ 'ಬಳಕೆದಾರ' ಯಾರು ಅಂತ ಹೇಳಿದ್ದಾರೆ: ಹೆದ್ದಾರಿಯಲ್ಲಿ ವಾಹನದಲ್ಲಿ ಪ್ರಯಾಣ ಮಾಡುವವನು, ಅಥವಾ ಮಾಡಬೇಕೆಂದಿರುವವನು. ಮತ್ತೊಮ್ಮೆ ಓದಿ. ವಾಹನದಲ್ಲಿ. ಹೊನ್ನಾವರದ ಶರಾವತಿ ಸರ್ಕಲಿನಲ್ಲಿ ತಲೆ ಮೇಲೆ ಮೀನಿನ ಬುಟ್ಟಿ ಹೊತ್ತು ದಾಟಲಿಕ್ಕೆ ಕಾಯುವ ಹೆಂಗಸು ಬಳಕೆದಾರಳಲ್ಲ. ಭಟ್ಕಳದ ಶಂಸುದ್ದೀನ್ ಸರ್ಕಲಿನಲ್ಲಿ ಶಾಲೆ ಬಿಟ್ಟು ಓಡುವ ಮಗು ಬಳಕೆದಾರನಲ್ಲ. ಕುಮಟಾದ ಗಿಬ್ ಸರ್ಕಲಿನಲ್ಲಿ ಕೋಲೂರಿ ನಿಂತ ಮುದುಕ ಬಳಕೆದಾರನಲ್ಲ. ಇವರು ರಸ್ತೆಯನ್ನು ದಿನಕ್ಕೆ ನಾಲ್ಕು ಸಲ ಬಳಸುತ್ತಾರೆ, ಆದರೆ ಪಠ್ಯದಲ್ಲಿ ಪಾತ್ರವಾಗಿ ಇಲ್ಲ. ಹಾಗಾದರೆ ನಡೆಯುವವನು ಎಲ್ಲೂ ಬರುವುದೇ ಇಲ್ಲವೋ? ಬರುತ್ತಾನೆ. ಅನುಬಂಧದಲ್ಲಿ, ಗಿಡ ನೆಡುವುದು, ಲಾರಿ ನಿಲ್ಲಿಸುವ ಜಾಗ, ಬಸ್ ತಂಗುದಾಣ ಇವುಗಳ ಸಾಲಿನಲ್ಲಿ ಬರುತ್ತಾನೆ. ಇಂಜಿನಿಯರುಗಳ ಕೈಪಿಡಿಯಲ್ಲಿ ಅವನಿಗೆ ಇನ್ನೂ ಒಂದು ಜಾಗವಿದೆ. 'ಜಾನುವಾರು ಮತ್ತು ಪಾದಚಾರಿ ಕೆಳದಾರಿ' ಎಂದು ಅದರ ಹೆಸರು. ದನಕ್ಕೂ ಮನುಷ್ಯನಿಗೂ ಒಂದೇ ಬಿಲ, ಅದರಲ್ಲೂ ದನದ ಹೆಸರು ಮೊದಲು. ಬರೆದವನಿಗೆ ಕೆಟ್ಟ ಉದ್ದೇಶವಿರಲಿಲ್ಲ ಅನ್ನುವುದನ್ನು ನಾವು ಒಪ್ಪುತ್ತೇವೆ. ಕೆಟ್ಟ ಉದ್ದೇಶವಿಲ್ಲದೆ ಇಷ್ಟು ಸಹಜವಾಗಿ ಬಂತಲ್ಲ, ಅದೇ ನಮಗೆ ಹೆಚ್ಚು ಭಯದ ವಿಷಯ.

ಇದೇ ಪಠ್ಯ ಸರಕಾರದ ಮೇಲೊಂದು ಕರ್ತವ್ಯ ಹೊರಿಸುತ್ತದೆ. ಕಂಪೆನಿಗೆ ನೆಲವನ್ನು ಖಾಲಿ ಮಾಡಿ, ಯಾರ ಭಾರವೂ ಇಲ್ಲದೆ, ಯಾರೂ ಕೂತಿರದ ಹಾಗೆ ಒಪ್ಪಿಸಬೇಕು. ಕಾಗದದಲ್ಲಿ ಇದೊಂದು ಸಾಲು. ಉತ್ತರ ಕನ್ನಡದಲ್ಲಿ ಇದರ ಅರ್ಥ ಬೇರೆ. ಇಲ್ಲಿ ಘಟ್ಟಕ್ಕೂ ಸಮುದ್ರಕ್ಕೂ ನಡುವೆ ಇರುವುದೇ ಒಂದು ಪಟ್ಟಿ ನೆಲ. ಜಿಲ್ಲೆಯ ಬಹುಪಾಲು ಅರಣ್ಯ ಇಲಾಖೆಯ ಲೆಕ್ಕಕ್ಕೆ ಸೇರಿದ್ದು. ಉಳಿದ ಪಟ್ಟಿಯಲ್ಲಿ ಗದ್ದೆ, ತೋಟ, ಮಸೀದಿ, ದೇವಸ್ಥಾನ, ಮೀನು ಒಣಗಿಸುವ ದಕ್ಕೆ, 1998ರಲ್ಲಿ ಬಂದ ಕೊಂಕಣ ರೈಲು, ಈ ಹೆದ್ದಾರಿ ಎಲ್ಲ ಒಂದರ ಮೈಗೆ ಒಂದು ಒತ್ತಿಕೊಂಡಿವೆ. ಪಹಣಿಯಲ್ಲಿ ಹೆಸರಿದ್ದವನಿಗೆ ಪರಿಹಾರ ಬಂತು, ಹೆಚ್ಚೋ ಕಡಿಮೆಯೋ ಜಗಳ ಆಡಲಿಕ್ಕೆ ಒಂದು ಕಾಗದವಾದರೂ ಇತ್ತು. ಹೆಸರಿಲ್ಲದೆ ಎರಡು ತಲೆಮಾರು ಗುಡಿಸಲು ಹಾಕಿ ಕೂತ ಮುಕ್ರಿಗೆ, ಆಗೇರನಿಗೆ, ಹಾಲಕ್ಕಿಗೆ, ರಸ್ತೆ ಬದಿಯಲ್ಲಿ ಗೂಡಂಗಡಿ ಇಟ್ಟ ಬಡ ಮುಸಲ್ಮಾನನಿಗೆ ಸಿಕ್ಕಿದ್ದು 'ಅತಿಕ್ರಮಣದಾರ' ಎಂಬ ಬಿರುದು. ಅಗಲ 60 ಮೀಟರೋ, 45 ಮೀಟರೋ, ಪೇಟೆಯೊಳಗೆ 30 ಮೀಟರೋ ಎಂದು ವರ್ಷಗಟ್ಟಲೆ ಜಗಳ ನಡೆಯಿತು. ಆ ಜಗಳ ನ್ಯಾಯವಾದದ್ದೇ. ಆದರೆ ಅದನ್ನು ಆಡಿದವರಲ್ಲಿ ಕಟ್ಟಡ ಇದ್ದವರ ದನಿ ಜೋರಾಗಿತ್ತು, ಗೂಡಂಗಡಿಯವನ ದನಿ ಕೇಳಿದ್ದು ಕಡಿಮೆ. ಹೀಗೆನ್ನುವುದರಿಂದ ನಮ್ಮ ಕೆಲವು ಗೆಳೆಯರಿಗೆ ಬೇಸರವಾಗಬಹುದು, ಆಗಲಿ.

ಈಗ ನಮ್ಮ ಮುಖ್ಯ ಮಾತು. 'ಸಾರ್ವಜನಿಕ' ಎಂಬ ಶಬ್ದ ದಲಿತರಿಗೆ ಪುಕ್ಕಟೆ ಬಂದದ್ದಲ್ಲ. 1923ರಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ಬೋಲೆಯವರು ಒಂದು ಗೊತ್ತುವಳಿ ತಂದರು. ಸಾರ್ವಜನಿಕ ಹಣದಿಂದ ಕಟ್ಟಿ ನಡೆಸುವ ಕೆರೆ, ಬಾವಿ, ಛತ್ರ, ಶಾಲೆ, ಕಚೇರಿ, ದವಾಖಾನೆಗಳಿಗೆ ಅಸ್ಪೃಶ್ಯರನ್ನು ಬಿಡಬೇಕು ಎಂಬುದು ಅದರ ಸಾರ. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತದಲ್ಲೇ ಇತ್ತು, 1956ರವರೆಗೂ ಇತ್ತು. ಕಾಗದದ ಮೇಲೆ ಆ ಗೊತ್ತುವಳಿ ನಮ್ಮ ಮೂರು ತಾಲೂಕುಗಳಿಗೂ ಬಂದದ್ದೇ. 1924-25ರಲ್ಲಿ ವೈಕಂನಲ್ಲಿ ಹೋರಾಡಿದ್ದು ಗರ್ಭಗುಡಿಗಾಗಿ ಅಲ್ಲ, ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ಕಾಲಿಡಲಿಕ್ಕೆ. 1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಇಳಿದದ್ದು ಅದು ಪುರಸಭೆಯ ಕೆರೆ, ಎಲ್ಲರದು ಎಂಬ ಆಧಾರದ ಮೇಲೆ. ಮುಂದೆ ಸಂವಿಧಾನದ 15ನೇ ವಿಧಿಯ ಎರಡನೇ ಭಾಗದಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳ ಜೊತೆ 'ರಸ್ತೆ' ಎಂಬ ಶಬ್ದವನ್ನೇ ಹೆಸರಿಟ್ಟು ಬರೆದಿದ್ದಾರೆ. ಪೂರ್ತಿಯಾಗಿಯೋ ಭಾಗಶಃವೋ ಸರಕಾರದ ಹಣದಿಂದ ನಡೆಯುವ, ಅಥವಾ ಸಾರ್ವಜನಿಕರ ಬಳಕೆಗೆ ಬಿಟ್ಟ ರಸ್ತೆ. ಊರ ನಡುವಿನ ದಾರಿಯಲ್ಲಿ ಚಪ್ಪಲಿ ಹಾಕಿಕೊಂಡು ನಡೆದದ್ದಕ್ಕೆ ಹೊಡೆಸಿಕೊಂಡವರಿಗೆ ಈ ಒಂದು ಶಬ್ದದ ಬೆಲೆ ಗೊತ್ತು.

ಈ ಶಬ್ದದ ಪಕ್ಕ ಈಗ 'ಖಾಸಗಿ' ಬಂದು ಕೂತಿದೆ. 1995ರಲ್ಲಿ ಹೆದ್ದಾರಿ ಕಾಯಿದೆಗೆ ತಿದ್ದುಪಡಿ ಮಾಡಿ ಖಾಸಗಿಯವರು ಸುಂಕ ಎತ್ತಬಹುದು ಅಂದರು. ಜಾತಿ ಕೇಳಿ ಯಾರನ್ನೂ ಗೇಟಿನಲ್ಲಿ ನಿಲ್ಲಿಸುವುದಿಲ್ಲ, ನಿಜ. ಯಂತ್ರಕ್ಕೆ ಜಾತಿಯಿಲ್ಲ. ಆದರೆ ಅದು ಕೇಳುವ ಪ್ರಶ್ನೆ ಒಂದಿದೆ: ನಿನ್ನ ಹತ್ರ ವಾಹನ ಉಂಟೋ, ಕೊಡಲಿಕ್ಕೆ ದುಡ್ಡುಂಟೋ? ನೆಲವಿಲ್ಲದವನು, ಗಾಡಿಯಿಲ್ಲದವನು ಯಾರು ಎಂದು ಈ ದೇಶದಲ್ಲಿ ಹುಡುಕಿಕೊಂಡು ಹೋದರೆ ನಾವು ಯಾವ ಕೇರಿಗೆ ಹೋಗಿ ತಲುಪುತ್ತೇವೆ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ.

ಬೆಂಗಳೂರನ್ನು ನೋಡಿದರೆ ಇದು ಇನ್ನೂ ಬಿಚ್ಚಿಕೊಳ್ಳುತ್ತದೆ. 2010ರ ಜನವರಿಯಲ್ಲಿ ಹೊಸೂರು ರಸ್ತೆಯ ಮೇಲೆ ಹತ್ತು ಕಿಲೋಮೀಟರ್ ಹತ್ತಿರದ ಎತ್ತರಿಸಿದ ಸುಂಕದ ರಸ್ತೆ ತೆರೆಯಿತು. ಇದೂ ಸಹಭಾಗಿತ್ವದ್ದೇ. ಸಿಲ್ಕ್ ಬೋರ್ಡಿನ ಕಡೆಯಿಂದ ಕಂಪ್ಯೂಟರಿನ ಸಾಹೇಬರು ಕಂಬಗಳ ಮೇಲೇರಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಳಿಯುತ್ತಾರೆ. ಕಂಬದ ಕೆಳಗೆ ಬೊಮ್ಮನಹಳ್ಳಿ. ಅಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗಳು, ಹಳ್ಳಿ ಬಿಟ್ಟು ಬಂದ ಸಾವಿರಾರು ಹೆಣ್ಣುಮಕ್ಕಳು, ಹೊಗೆ, ಹಾರನ್ನು. ಒಂದೇ ನೆಲದ ಮೇಲೆ ಎರಡು ರಸ್ತೆ, ಎರಡು ಕಾಲ. ಮೇಲಿನವನಿಗೆ ಹತ್ತು ನಿಮಿಷ, ಕೆಳಗಿನವಳಿಗೆ ಮುಕ್ಕಾಲು ತಾಸು. ನಮ್ಮ ಊರುಗಳಲ್ಲಿ ಮೇಲುಕೇರಿ, ಕೆಳಕೇರಿ ಅಂತ ಇದ್ದದ್ದನ್ನು ಕಾಂಕ್ರೀಟಿನಲ್ಲಿ ಎರಕ ಹೊಯ್ದಂತಿದೆ.

ಆದರೆ ಕೆಳರಸ್ತೆಗೆ ಒಂದು ಶಕ್ತಿಯಿದೆ, ಅದನ್ನು ಹೇಳಲೇಬೇಕು. 2016ರ ಏಪ್ರಿಲ್ 18ರಂದು ಭವಿಷ್ಯನಿಧಿಯ ಹಣ ತೆಗೆಯಲಿಕ್ಕೆ ಅಡ್ಡಿ ಮಾಡುವ ಹೊಸ ನಿಯಮದ ವಿರುದ್ಧ ಇದೇ ಬೊಮ್ಮನಹಳ್ಳಿಯ ಹೆಣ್ಣುಮಕ್ಕಳು ಇದೇ ಹೊಸೂರು ರಸ್ತೆಗೆ ಇಳಿದರು. ಯಾವ ದೊಡ್ಡ ನಾಯಕನೂ ಕರೆ ಕೊಟ್ಟಿರಲಿಲ್ಲ. ರಸ್ತೆ ನಿಂತಿತು. ಲಾಠಿ ಬೀಸಿದರು. ಮಾರನೇ ದಿನ ಇನ್ನೂ ಹೆಚ್ಚು ಜನ, ಇನ್ನೂ ಹಲವು ರಸ್ತೆಗಳು. 19ರ ಸಂಜೆಯೊಳಗೆ ಕೇಂದ್ರ ಸರಕಾರ ನಿಯಮ ಹಿಂತೆಗೆದುಕೊಂಡಿತು. ಪಾರ್ಲಿಮೆಂಟಿನಲ್ಲಿ ವಿರೋಧ ಪಕ್ಷಗಳ ಕೈಯಲ್ಲಾಗದ್ದು ರಸ್ತೆಯ ಮೇಲೆ ಎರಡು ದಿನದಲ್ಲಿ ಆಯಿತು. ಮೇಲುರಸ್ತೆಯಲ್ಲಿ ಇದು ಆಗುತ್ತಿರಲಿಲ್ಲ. ಅಲ್ಲಿ ಕೂರಲಿಕ್ಕೆ ಅಂಚಿಲ್ಲ, ಕೂಗಿದರೆ ಓಡಿ ಬರಲಿಕ್ಕೆ ಪಕ್ಕದ ಓಣಿಯಿಲ್ಲ, ಚಾದಂಗಡಿಯಿಲ್ಲ. ಎತ್ತರದ ರಸ್ತೆಯೆಂದರೆ ಜನರ ಕೈಗೆ ಸಿಗದ ರಸ್ತೆ ಎಂದೂ ಅರ್ಥ.

ಹಾಗಾದರೆ ನಾವು ಮೇಲುರಸ್ತೆಯ ವಿರೋಧಿಗಳೋ? ಅಲ್ಲ. ಇಲ್ಲೇ ಕರಾವಳಿಯ ಕತೆ ತಿರುವು ತೆಗೆದುಕೊಳ್ಳುತ್ತದೆ. ಹೊನ್ನಾವರದ ಜನ ತಾವಾಗಿಯೇ ಮೇಲ್ಸೇತುವೆ ಕೇಳಿದರು. ಭಟ್ಕಳದವರೂ ಕೇಳಿದರು. ಲಾರಿ, ಗ್ಯಾಸ್ ಟ್ಯಾಂಕರುಗಳು ಮೇಲೆ ಹೋಗಲಿ, ನಾವು ಕೆಳಗೆ ನಮ್ಮ ಪೇಟೆಯಲ್ಲಿ ಅತ್ತಿಂದಿತ್ತ ಓಡಾಡಿಕೊಂಡಿರ್ತೇವೆ ಎಂದರು. ಟ್ಯಾಂಕರಿನ ಮಾತು ಸುಮ್ಮನೆ ಬಂದದ್ದಲ್ಲ. 2015ರ ಸೆಪ್ಟೆಂಬರಿನಲ್ಲಿ ಕುಮಟಾದ ಬರ್ಗಿಯಲ್ಲಿ ಅನಿಲದ ಟ್ಯಾಂಕರು ಉರುಳಿ, ಬೆಂಕಿ ಹೊತ್ತಿ, ಮನೆಯೊಳಗಿದ್ದವರು ಸುಟ್ಟು ಸತ್ತದ್ದನ್ನು ಈ ಜಿಲ್ಲೆ ಮರೆತಿಲ್ಲ. ಕಂಬದ ಮೇಲಿನ ರಸ್ತೆ ಇಲ್ಲಿ ಐಷಾರಾಮವಲ್ಲ, ಪೇಟೆ ಎರಡು ತುಂಡಾಗದೆ ಉಳಿಯುವ ಉಪಾಯ. ಮಣ್ಣು ತುಂಬಿ ಎತ್ತರ ಮಾಡಿದ ರಸ್ತೆಯಾದರೆ ಊರ ನಡುವೆ ಗೋಡೆ ಎದ್ದ ಹಾಗೆ. ಮಳೆ ನೀರಿಗೂ ದಾರಿಯಿಲ್ಲ, ಮನುಷ್ಯರಿಗೂ ದಾರಿಯಿಲ್ಲ. ಭಟ್ಕಳದ ರಂಗಿನಕಟ್ಟೆಯಲ್ಲಿ ಮಳೆಗಾಲದಲ್ಲಿ ಹೆದ್ದಾರಿಯೇ ಹೊಳೆಯಾಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂದರೆ ಲೆಕ್ಕ ಹೀಗೆ. ಬೆಂಗಳೂರಿನಲ್ಲಿ ಕೆಳಗೆ ನಡೆಯುವವರು ಕೇಳದಿದ್ದರೂ ಮೇಲುರಸ್ತೆ ಎದ್ದಿತು, ಏಕೆಂದರೆ ಮೇಲೆ ಹೋಗುವವರ ಜೇಬಿನಲ್ಲಿ ಸುಂಕವಿತ್ತು. ಕರಾವಳಿಯಲ್ಲಿ ಕೆಳಗೆ ನಡೆಯುವವರು ಗಂಟಲು ಹರಿದು ಕೇಳಿದರೂ ಅದು ಏಳಲಿಲ್ಲ, ಏಕೆಂದರೆ ದಾಟುವವರಿಂದ ಸುಂಕ ಹುಟ್ಟುವುದಿಲ್ಲ. ಇಲ್ಲಿ ಒಟ್ಟು ಕಾಮಗಾರಿ ಕಿಲೋಮೀಟರಿಗೆ ಸುಮಾರು 14 ಕೋಟಿಯ ಲೆಕ್ಕದ್ದು. ಆ ದುಡ್ಡಿನಲ್ಲಿ ಕಂಬ ಏಳುವುದಿಲ್ಲ. ಮೂಲ ಕಾಗದದಲ್ಲಿ ಇಲ್ಲದ್ದನ್ನು ಜನ ಕೇಳಿದರೆ ಅದಕ್ಕೊಂದು ಪಾರಿಭಾಷಿಕ ಶಬ್ದವಿದೆ, 'ಚೇಂಜ್ ಆಫ್ ಸ್ಕೋಪ್'. ನಮ್ಮ ಕೂಗು ಕಚೇರಿಗೆ ಹೋಗಿ ಈ ಶಬ್ದವಾಗಿ ಕಡತದೊಳಗೆ ಮಲಗುತ್ತದೆ. ಮಂಗಳೂರಿನಂಥ ದೊಡ್ಡ ಊರಿನ ಪಂಪ್‌ವೆಲ್ ಮೇಲ್ಸೇತುವೆಯೇ ಹತ್ತಿರ ಹತ್ತಿರ ಹತ್ತು ವರ್ಷ ಎಳೆದಾಡಿ 2020ರ ಜನವರಿ 31ಕ್ಕೆ ತೆರೆಯಿತು. ಹೊನ್ನಾವರವನ್ನು ಕೇಳುವವರಾರು?

ಒಂದು ವೇಳೆ ಎದ್ದರೂ ಸುಖವಿಲ್ಲ. 2008ರ ಸುಂಕ ನಿಯಮಗಳ ಪ್ರಕಾರ ಸೇತುವೆ, ಮೇಲ್ಸೇತುವೆ, ಸುರಂಗ ಇರುವ ಕಡೆ ಪ್ರತಿ ಕಿಲೋಮೀಟರಿಗೆ ಮಾಮೂಲು ರಸ್ತೆಯ ಹತ್ತು ಪಟ್ಟು ಲೆಕ್ಕ ಹಿಡಿಯುತ್ತಿದ್ದರು. 2025ರ ಜುಲೈಯಲ್ಲಿ ತಿದ್ದಿ ಇದಕ್ಕೊಂದು ಮಿತಿ ಹಾಕಿದ್ದಾರೆ. ದರ ಮಾತ್ರ ವರ್ಷ ವರ್ಷ ಏರುತ್ತಲೇ ಇರುತ್ತದೆ, ಶೇಕಡಾ 3 ಖಾಯಂ, ಅದರ ಮೇಲೆ ಸಗಟು ಬೆಲೆ ಸೂಚ್ಯಂಕ ಏರಿದ್ದರ ಶೇಕಡಾ 40. ಕೂಲಿಯವನ ಪಗಾರಕ್ಕೆ ಇಂಥ ಖಾಯಂ ಶೇಕಡಾ 3 ಬರೆದುಕೊಟ್ಟ ಒಪ್ಪಂದ ಯಾವುದಾದರೂ ಇದ್ದರೆ ಓದುಗ ಗೆಳೆಯರು ತಿಳಿಸಬೇಕು, ಅದನ್ನೂ ಇಲ್ಲಿ ವಿಮರ್ಶೆ ಮಾಡುತ್ತೇವೆ.

ಬೈಕಿಗೆ, ರಿಕ್ಷಾಕ್ಕೆ ಸುಂಕವಿಲ್ಲವಲ್ಲ, ಬಡವರಿಗೆ ಎಂತ ತೊಂದರೆ ಅಂತ ಕೆಲವರು ಕೇಳ್ತಾರೆ. ಕುಮಟಾ-ಹೊನ್ನಾವರದ ಟೆಂಪೋದಲ್ಲಿ ಒಬ್ಬರ ತೊಡೆಯ ಮೇಲೆ ಒಬ್ಬರು ಕೂತು ಹೋಗುವವರನ್ನು ಇವರು ನೋಡಿಲ್ಲ. ಟೆಂಪೋದವನು ಕೊಟ್ಟ ಸುಂಕ ಟೆಂಪೋದವನ ಮನೆಯಿಂದ ಬರುವುದಿಲ್ಲ. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ದಶಪಥದಲ್ಲಿ ಸುಂಕ ಸುರುವಾದ ಕೂಡಲೇ ಕೆಎಸ್ಸಾರ್ಟಿಸಿಯವರು ಟಿಕೇಟಿಗೆ 15ರಿಂದ 20 ರೂಪಾಯಿ ಸೇರಿಸಿದರು. ಅದೇ ವರ್ಷ ಆಗಸ್ಟ್ 1ರಿಂದ ಆ ರಸ್ತೆಗೆ ಬೈಕು, ಆಟೋ, ಟ್ರಾಕ್ಟರು ಬರಲೇಕೂಡದು ಎಂದಾಯಿತು. ಮೊದಲು ಪುಕ್ಕಟೆ ಬಿಟ್ಟವರನ್ನು ಆಮೇಲೆ ಹೊರಗೇ ಬಿಡುತ್ತಾರೆ.

ಒಪ್ಪಂದದ ಇನ್ನೊಂದು ಕಲಮನ್ನು ನಾವು ಕಾವ್ಯವೆಂದೇ ಓದಿದೆವು. ಇಂಥ ವರ್ಷಕ್ಕೆ ಇಷ್ಟು ವಾಹನ ಓಡಬೇಕು ಎಂದು ಮೊದಲೇ ಗುರಿ ಇಟ್ಟಿರುತ್ತಾರೆ. ಗುರಿಗಿಂತ ಶೇಕಡಾ 1 ಕಡಿಮೆಯಾದರೆ ಗುತ್ತಿಗೆಯ ಅವಧಿ ಶೇಕಡಾ 1.5 ಹಿಗ್ಗುತ್ತದೆ, ಗರಿಷ್ಠ ಶೇಕಡಾ 20ರವರೆಗೆ. ಶೇಕಡಾ 1 ಹೆಚ್ಚಾದರೆ? ಅವಧಿ ಕುಗ್ಗುವುದು ಶೇಕಡಾ 0.75 ಮಾತ್ರ. ನಷ್ಟಕ್ಕೆ ಒಂದು ತಕ್ಕಡಿ, ಲಾಭಕ್ಕೆ ಇನ್ನೊಂದು ತಕ್ಕಡಿ. ಮೀನು ಬೀಳದ ವರ್ಷ ಬಲೆಯ ಸಾಲದ ವಾಯಿದೆ ಹಿಗ್ಗುತ್ತದೆಯೇ? ಬೆಳೆ ಹೋದ ವರ್ಷ ಸೊಸೈಟಿ ಕಾಯುತ್ತದೆಯೇ? ಕಂಪೆನಿಯ ದುಃಖವನ್ನು ಇಷ್ಟು ಮೃದುವಾಗಿ ಬಲ್ಲ ಪ್ರಭುತ್ವಕ್ಕೆ ನಮ್ಮ ದುಃಖದ ವ್ಯಾಕರಣ ಮಾತ್ರ ತಿಳಿಯುವುದಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅನ್ನುವ ಗಾದೆ ನಮ್ಮ ಹಿರೀಕರು ಮಾಡಿದ್ದು. ಸುಂಕದವನ ದುಃಖವನ್ನು ದೊರೆಯೇ ಕೂತು ಕೇಳುವ ಕಾಲ ಬರ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ.

ದುಃಖ ಎಂಬುದು ಇಲ್ಲಿ ಮಾತಿನ ಅಲಂಕಾರವಲ್ಲ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿಯಿತು. ರಸ್ತೆ ಬದಿಯ ಚಾ ಹೋಟೆಲು, ಅದನ್ನು ನಡೆಸುತ್ತಿದ್ದ ಕುಟುಂಬ, ಅಲ್ಲಿ ಲಾರಿ ನಿಲ್ಲಿಸಿದ್ದವರು ಮಣ್ಣಿನಲ್ಲಿ ಹೋದರು. ಗಂಗಾವಳಿ ಹೊಳೆಗೆ ಬಿದ್ದ ಮಣ್ಣಿನ ಹೊಡೆತಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳನ್ನು ಬಡಿಯಿತು, ಅಲ್ಲಿಯೂ ಒಬ್ಬ ಹೆಂಗಸು ಸತ್ತಳು. ಒಟ್ಟು 11 ಜನ. ಕೇರಳದ ಒಬ್ಬ ಲಾರಿ ಚಾಲಕನ ದೇಹ ಹೊಳೆಯ ತಳದಿಂದ ಮೇಲೆ ಬಂದದ್ದು ಎಪ್ಪತ್ತು ದಿನಗಳ ಮೇಲೆ, ಸೆಪ್ಟೆಂಬರ್ 25ಕ್ಕೆ. ಗುಡ್ಡವನ್ನು ನೆಟ್ಟಗೆ ಕಡಿದದ್ದರ ಬಗ್ಗೆ ಊರವರು, ಭೂವಿಜ್ಞಾನಿಗಳು ಮಾತಾಡಿದರು. ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಲಾರಿಯೊಂದರ ಸಮೇತ ಕುಸಿದು ಬಿತ್ತು. ಚಾಲಕನನ್ನು ಪೊಲೀಸರು, ಮೀನುಗಾರರು ಎತ್ತಿ ಬದುಕಿಸಿದರು. ಹೊಸ ಸೇತುವೆ ಒಂದೇ ಕಟ್ಟಿ, 1983ರ ಹಳೆಯದನ್ನೇ ಇನ್ನೊಂದು ದಿಕ್ಕಿಗೆ ಬಳಸಿಕೊಳ್ಳಲಾಗಿತ್ತು. ಚತುಷ್ಪಥದ ಸುಂಕ, ಎರಡು ಪಥ ಮಾತ್ರ ಹೊಸದು.

ಇಂಥ ಗೇಟುಗಳು ಕಲ್ಲಿನಲ್ಲಿ ಕೊರೆದವೇನೂ ಅಲ್ಲ ಎಂಬುದಕ್ಕೆ ಸುರತ್ಕಲ್ ಇದೆ. ಒಂದು ಗೇಟಿಗೂ ಇನ್ನೊಂದಕ್ಕೂ 60 ಕಿಲೋಮೀಟರ್ ಅಂತರ ಬೇಕೆಂದು ನಿಯಮವೇ ಹೇಳುವಾಗ ಹೆಜಮಾಡಿಯ ಬುಡದಲ್ಲೇ ಅದು ನಿಂತಿತ್ತು, ತಾತ್ಕಾಲಿಕ ಎಂಬ ಹೆಸರಿನಲ್ಲಿ ವರ್ಷಗಟ್ಟಲೆ. 2022ರ ಅಕ್ಟೋಬರಿನಲ್ಲಿ ಜನ ಮುತ್ತಿಗೆ ಹಾಕಿದರು, ಹಗಲು ರಾತ್ರಿ ಧರಣಿ ಕೂತರು, ಡಿಸೆಂಬರ್ 1ಕ್ಕೆ ಸುಂಕ ನಿಂತಿತು. ಅಲ್ಲಿಯ ಸುಂಕವನ್ನು ಹೆಜಮಾಡಿಗೆ ಸೇರಿಸಿ ಎತ್ತುವ ಆದೇಶವೂ ಹಿಂದೆಯೇ ಬಂತು ಎಂಬುದನ್ನು ಮರೆಯಬಾರದು. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿ, ಆಮೇಲೆ ಕರನಿರಾಕರಣೆ ಮಾಡಿ ಮನೆಮಠ ಜಪ್ತಿ ಮಾಡಿಸಿಕೊಂಡ ಅಂಕೋಲಾದ ನೆಲ ನಮ್ಮದು. (ಆ ಇತಿಹಾಸದ ಪುಸ್ತಕಗಳಲ್ಲಿ ಉಪ್ಪು ಎತ್ತಿದ ಮುಖಂಡರ ಫೋಟೋಗಳಿವೆ. ಸಾಣಿಕಟ್ಟೆಯ ಆಗರದಲ್ಲಿ ತಲೆಮಾರುಗಳಿಂದ ಉಪ್ಪು ಬಾಚಿದ ಆಗೇರರ ಫೋಟೋ ನಮಗೆ ಕಂಡಿಲ್ಲ.)

ಒಪ್ಪಂದ ಇಂಗ್ಲಿಷಿನಲ್ಲಿದೆ. ಗುತ್ತಿಗೆ ಲೆಕ್ಕದ ಪ್ರಕಾರ 2042ರವರೆಗೂ ಅದೇ ನಮ್ಮನ್ನು ಆಳುವ ಪಠ್ಯ. ಅದರ ವ್ಯಾಖ್ಯೆಗಳ ಭಾಗವನ್ನು ಕನ್ನಡಕ್ಕೆ ಇಳಿಸಿ ಮೂರೂ ತಾಲೂಕುಗಳ ಗ್ರಾಮಸಭೆಗಳಲ್ಲಿ ಗಟ್ಟಿಯಾಗಿ ಓದಿಸಬೇಕು ಎಂದು ನಾವು ಕೇಳುತ್ತೇವೆ. 'ಬಳಕೆದಾರ' ಎಂಬಲ್ಲಿಗೆ ಬಂದಾಗ ಓದುವವನನ್ನು ನಿಲ್ಲಿಸಿ, ಮೀನಿನ ಬುಟ್ಟಿಯವಳು ಎದ್ದು ನಿಂತು, ಇದರಲ್ಲಿ ನಾನು ಎಲ್ಲಿದ್ದೇನೆ ತಮಾ ಅಂತ ಕೇಳಲಿ. ಮೂರು ಪೇಟೆಗಳಲ್ಲೂ ಕಂಬದ ಮೇಲಿನ ರಸ್ತೆಯನ್ನು ಕೇಂದ್ರ ಸರಕಾರ ತನ್ನ ಹಣದಲ್ಲೇ ಕಟ್ಟಲಿ, ಅದರ ಹೆಸರಿನಲ್ಲಿ ಹೊಳೆಗದ್ದೆಯ ದರ ಒಂದು ಪೈಸೆಯೂ ಏರದಿರಲಿ. ಕಂಬಗಳ ಕೆಳಗಿನ ನೆಲ ವಾಹನ ನಿಲ್ಲಿಸಲಿಕ್ಕೆ ಗುತ್ತಿಗೆ ಹೋಗದೆ, ಎಬ್ಬಿಸಿದ ಗೂಡಂಗಡಿಯವರಿಗೆ, ಮೀನು ಮಾರುವವರಿಗೆ ಹೆಸರು ಬರೆದು ಹಂಚಿಕೆಯಾಗಲಿ. ಆ ಹೆಸರುಗಳ ಪಟ್ಟಿ ತಯಾರಿಸುವ ಕೆಲಸವನ್ನು ತಹಶೀಲ್ದಾರರಿಗೆ ಬಿಡದೆ ನಮ್ಮ ಸಂಘಟನೆಯ ಹುಡುಗರು ಈ ತಿಂಗಳೇ ಕೇರಿ ಕೇರಿಗೆ ಹೋಗಿ ಸುರು ಮಾಡಬೇಕು.